ಎರಡನೆಯವನ ಕೋಟು

ಮಂಡ್ಯದ ಟಾಕೀಸಿನಲ್ಲಿ ಆಗ ಭಾನುವಾರ ಬೆಳಗಿನ ಆಟಕ್ಕೆ ಇಂಗ್ಲಿಷ್ ಸಿನಿಮಾ ಹಾಕುತ್ತಿದ್ದರು. ಹಳೆಯ ಪ್ರಿಂಟು, ಉದ್ದಕ್ಕೂ ಗೀರು, ನಡುವೆ ಎರಡು ಸಲವಾದರೂ ರೀಲು ಕಿತ್ತುಹೋಗುವುದು. ಆದರೂ ಆ ಗೂಢಚಾರನ ಸಿನಿಮಾ ಬಂತೆಂದರೆ ನನ್ನನ್ನು ಕಟ್ಟಿಹಾಕಿದರೂ ನಿಲ್ಲುತ್ತಿರಲಿಲ್ಲ. ಒಂದೇ ಪಾತ್ರ, ಒಂದೇ ಹೆಸರು, ಹತ್ತು ಹನ್ನೊಂದು ಸಿನಿಮಾ. ನಡುನಡುವೆ ನಟ ಮಾತ್ರ ಬದಲಾಗುತ್ತಿದ್ದ. ಎಪ್ಪತ್ತೆರಡರಿಂದ ಎಪ್ಪತ್ತಾರರವರೆಗೆ ಒಂದೊಂದನ್ನೂ ಮೂರು ಸಲ, ನಾಲ್ಕು ಸಲ ನೋಡಿದ್ದೇನೆ.

ನಾನು ವೇದವತಿ, ಹನಕೆರೆಯ ಶಾಲೆಯಲ್ಲಿ ಇಂಗ್ಲಿಷ್ ಹೇಳಿಕೊಡುತ್ತಿದ್ದೆ. ವಯಸ್ಸು ಮೂವತ್ತೈದು, ಮದುವೆಯಾಗದ ಅಯ್ಯಂಗಾರರ ಹೆಣ್ಣು. ಒಬ್ಬಳೇ ಟಾಕೀಸಿಗೆ ಹೋದರೆ ಊರಿನವರು ಆಡಿಕೊಳ್ಳುವುದಕ್ಕೆ ಒಂದು ವಾರ ಸಾಕಾಗುತ್ತಿರಲಿಲ್ಲ. ಅದಕ್ಕೆ ನನ್ನ ಮನೆಯೊಡೆಯ ಕರಿಸಿದ್ದಯ್ಯನವರ ಹೆಂಡತಿ ಚಿಕ್ಕನಂಜಮ್ಮನನ್ನು ಜೊತೆಗೆ ಕರೆದುಕೊಂಡು ಹೋಗುತ್ತಿದ್ದೆ. ಟೀಚರಮ್ಮನ ಜೊತೆ ಎಂದರೆ ಕರಿಸಿದ್ದಯ್ಯನವರು ಬೇಡವೆನ್ನುತ್ತಿರಲಿಲ್ಲ. ಅವಳಿಗೆ ಇಂಗ್ಲಿಷಿನ ಒಂದಕ್ಷರ ಬಾರದು. ನಾನು ಕಿವಿಯಲ್ಲಿ ಕಥೆ ಹೇಳುತ್ತಿದ್ದೆ, ಅವಳು ಕಡಲೆಕಾಯಿ ಸುಲಿದು ನನ್ನ ಕೈಗೆ ಹಾಕುತ್ತಿದ್ದಳು.

ಚಿಕ್ಕನಂಜಮ್ಮ ಆ ಮನೆಗೆ ಎರಡನೆಯವಳು. ಮೊದಲನೆಯವಳು ಅವಳ ಸ್ವಂತ ಅಕ್ಕ, ದೊಡ್ಡನಂಜಮ್ಮ. ಅಕ್ಕ ಜ್ವರ ಬಂದು ತೀರಿಕೊಂಡಾಗ ಆರು ತಿಂಗಳ ಹೆಣ್ಣು ಕೂಸಿತ್ತು. ಕೂಸಿಗೆ ಬೇರೆ ಯಾರೋ ಬರುವ ಬದಲು ಚಿಕ್ಕಮ್ಮನೇ ಆಗಲಿ ಎಂದು ಹಿರಿಯರು ಹದಿನೈದು ವರ್ಷದ ತಂಗಿಯನ್ನು ಭಾವನಿಗೇ ಕೊಟ್ಟರು. ಅಕ್ಕನ ರವಿಕೆಗಳನ್ನು ಒಳಹಿಡಿದು ಹೊಲಿದು ತೊಡಿಸಿದರು. ಇವಳಿಗೆ ಸ್ವಂತ ಮಕ್ಕಳಾಗಲಿಲ್ಲ. ಅಕ್ಕನ ಮಗಳನ್ನೇ ಸಾಕಿ ಹೊಳಲಿಗೆ ಮದುವೆ ಮಾಡಿ ಕಳಿಸಿದಳು.

ಮೊದಲನೆಯ ನಟನೆಂದರೆ ನನಗೆ ಪ್ರಾಣ. ಅವನು ಬಾಗಿಲನ್ನು ಒದ್ದೇ ಒಳಗೆ ಬರುವವನು. ಎದೆ ಅಗಲ, ನಗು ಓರೆ, ಶತ್ರು ಬಿದ್ದಮೇಲೆ ಅವನ ಜೇಬಿನಿಂದಲೇ ಸಿಗರೇಟು ತೆಗೆದು ಹಚ್ಚುವ ಠೀವಿ. ಐದು ಸಿನಿಮಾ ಮಾಡಿ ಅವನು ಬಿಟ್ಟುಹೋದ. ಎರಡನೆಯವನು ಬಂದ, ಎರಡೇ ಸಿನಿಮಾ. ಅವನು ತೆರೆಯ ಮೇಲೆ ಕಾಣಿಸಿಕೊಂಡರೆ ಮುಂದಿನ ಬೆಂಚಿನವರು ಕಡಲೆಸಿಪ್ಪೆ ಎಸೆದು ಶಿಳ್ಳೆ ಹೊಡೆಯುತ್ತಿದ್ದರು. ಮೂರನೆಯವನು ಬಂದಮೇಲೆ ಎಲ್ಲ ಸರಿಹೋಯಿತು. ಆ ಮನುಷ್ಯ ಸಮುದ್ರಕ್ಕೆ ಬಿದ್ದೆದ್ದರೂ ಕ್ರಾಪು ಕೆಡುತ್ತಿರಲಿಲ್ಲ. ಜನ ಅವನನ್ನು ಒಪ್ಪಿಕೊಂಡರು.

ಎರಡನೆಯವನನ್ನು ಮೊದಲ ಸಲ ನೋಡಿದ ದಿನ ಚಿಕ್ಕನಂಜಮ್ಮ ನನ್ನ ಮೊಣಕೈ ಹಿಡಿದಳು.

"ಇವ್ನು ಬ್ಯಾರೆಯೋನು ಕಣ್ರವ್ವ. ಮೊದ್ಲೋನು ಎಲ್ಲೋದ?"

"ಬಿಟ್ಟುಹೋದ. ಈಗ ಇವನೇ ಅವನು."

"ಅವ್ನ ಆಪೀಸ್ನೋರ್ಗೆ ಗೊತ್ತಾಗಕ್ಕಿಲ್ವಾ? ಯಾರೂ ಕೇಳಾಕಿಲ್ವಾ?"

"ಸಿನಿಮಾ ಕಣೇ. ಕೇಳಬಾರದು."

ಅವಳು ಇಂಟರ್‌ವಲ್ಲಿನಲ್ಲಿ ಹೇಳಿದಳು: "ಅವ್ನು ತೊಟ್ಟಿರೋದು ಮೊದ್ಲೋನ ಕೋಟು. ತೋಳು ಉದ್ದ ಆಯ್ತದೆ, ನೋಡಿ. ಕೈಬೆಳ್ಳು ಮುಚ್ಚೋಯ್ತದೆ."

ನಾನು ನಕ್ಕೆ. ಮುಂದಿನ ಸಲ ಅದೇ ಸಿನಿಮಾ ಬಂದಾಗ ಕಣ್ಣಿಟ್ಟು ನೋಡಿದೆ. ನಿಜವಾಗಿಯೂ ತೋಳು ಉದ್ದವಿತ್ತು. ಇಂಗ್ಲಿಷ್ ಬರುವ ನನಗೆ ಕಾಣದ್ದು ಅವಳಿಗೆ ಕಂಡಿತ್ತು.

ಆಮೇಲೆ ರೈಲಿನಲ್ಲಿ ಹನಕೆರೆ ಬರುವವರೆಗೂ ನಮಗೆ ಇದೇ ಜಗಳ. ಮೊದಲನೆಯವನ ಮುಂದೆ ಇವನು ಯಾವ ಲೆಕ್ಕ ಎಂದು ನಾನು ವಾದಿಸುವುದು. ಇವನು ಬಾಗಿಲು ಒದೆಯುವುದಿಲ್ಲ, ಮೆಲ್ಲಗೆ ತಳ್ಳಿ ಒಳಗೆ ಯಾರಿದ್ದಾರೆಂದು ನೋಡಿ ಬರುತ್ತಾನೆ ಎಂದು ಅವಳು. "ಬ್ಯಾರೇರ್ ಮನೆ ಅಂತ ಅವ್ನಿಗೆ ಗೊತ್ತು ಕಣ್ರವ್ವ" ಎನ್ನುತ್ತಿದ್ದಳು. ಜನ ಶಿಳ್ಳೆ ಹೊಡೆದರೆ ಅವಳ ಮುಖ ಬಾಡುತ್ತಿತ್ತು. "ಪಾಪ, ಬಾ ಅಂದ್ರು, ಬಂದವ್ನೆ. ಅವ್ನೇನ್ ಮಾಡ್ದ?"

ಆ ಮನೆಯಲ್ಲಿ ಒಂದು ಕಟ್ಟಳೆ ಇತ್ತು. ಹೊಸ ಸೀರೆ ಯಾವುದೇ ಬರಲಿ, ಮೊದಲು ಸತ್ತ ಹಿರಿಯವಳಿಗೆ ಇಡಬೇಕು. ಕಿರಿಯವಳು ಮೊದಲು ಉಟ್ಟರೆ ಹಿರಿಯವಳು ಮುನಿದು ಕಾಡುತ್ತಾಳಂತೆ. ಅತ್ತೆ ಹೇಳಿದ ಮಾತು. ಅತ್ತೆ ಸತ್ತರೂ ಮಾತು ಉಳಿದಿತ್ತು. ಪ್ರತಿ ವರ್ಷ ಹಿರಿಯರ ಹಬ್ಬಕ್ಕೆ ಕರಿಸಿದ್ದಯ್ಯನವರು ಒಂದು ಹಸಿರು ಸೀರೆ ತರುತ್ತಿದ್ದರು, ದೊಡ್ಡನಂಜಮ್ಮನಿಗೆ ಹಸಿರೆಂದರೆ ಇಷ್ಟವಿತ್ತು. ಕಳಶಕ್ಕೆ ಉಡಿಸಿ ಎಡೆ ಇಟ್ಟು, ಮಾರನೆಯ ದಿನ ಅದನ್ನೇ ಚಿಕ್ಕನಂಜಮ್ಮ ಉಡುತ್ತಿದ್ದಳು. ನಾನು ಅವಳನ್ನು ಬೇರೆ ಬಣ್ಣದಲ್ಲಿ ನೋಡಿದ್ದೇ ಇಲ್ಲ. ಕರಿಸಿದ್ದಯ್ಯನವರು ಕೆಟ್ಟವರಲ್ಲ. ಕೈ ಎತ್ತಿದವರಲ್ಲ. ಊಟಕ್ಕೆ ಕೂತಾಗ, "ದೊಡ್ಡೋಳು ಮಾಡ್ತಿದ್ದ ಸಾರು ಇಂಗಿರ್ತಿರ್ನಿಲ್ಲ" ಎಂದು ತಮಗೆ ತಾವೇ ಅಂದುಕೊಳ್ಳುವರು, ಅಷ್ಟೆ. ಅದನ್ನು ನಾನು ಗೋಡೆಯಾಚೆಯಿಂದ ಎಷ್ಟು ಸಲ ಕೇಳಿಲ್ಲ!

ಎಪ್ಪತ್ತಾರರ ಯುಗಾದಿ ಹತ್ತಿರವಿತ್ತು. ಬೆಳಗಿನ ಆಟ ಬಿಟ್ಟು ಪೇಟೆ ಬೀದಿಯಲ್ಲಿ ಬರುತ್ತಿದ್ದೆವು. ಜವಳಿ ಅಂಗಡಿಯೊಂದರ ಮುಂದೆ ಬಿದಿರ ಗಳುವಿನ ಮೇಲೆ ಸೀರೆ ತೂಗುಹಾಕಿದ್ದರು, ಅರಿಶಿನ, ನೇರಳೆ, ಕೆಂಪು, ನೀಲಿ. ಚಿಕ್ಕನಂಜಮ್ಮ ನಿಂತುಬಿಟ್ಟಳು.

"ಒಂದ್ ಗಳಿಗೆ ನಿಲ್ರವ್ವ," ಎಂದಳು. ಆಮೇಲೆ, ನನ್ನ ಕಡೆ ನೋಡದೆ, "ಅಕ್ಕಂಗೆ ಮಡಗ್ದೆ, ನೆಟ್ಟಗೆ ಅಂಗ್ಡಿಯಿಂದ ತಂದು ನಂಗೇ ಅಂತ ಒಂದ್ ಸೀರೆ ಉಡ್ಬೇಕು ಅಂತ ಆಸೆ ಟೀಚರಮ್ಮ. ಅಸ್ರು ಬ್ಯಾಡ. ಇಪ್ಪತ್ತೊರ್ಸ ಅಸ್ರೇ ಆಯ್ತು."

ನಾನು ಏನು ಮಾಡಿದೆ? ಪಾಠ ಹೇಳಿದೆ. "ಇದೆಲ್ಲ ಮೂಢನಂಬಿಕೆ ನಂಜಮ್ಮ, ಗಂಡನಿಗೆ ಧೈರ್ಯವಾಗಿ ಹೇಳು" ಎಂದೆ. ರೈಲಿಗೆ ಹೊತ್ತಾಗಿತ್ತು. ಕೈ ಹಿಡಿದು ಎಳೆದುಕೊಂಡು ಹೊರಟೆ. ದಾರಿಯುದ್ದಕ್ಕೂ ಮೂರನೆಯವನ ಕ್ರಾಪಿನ ಬಗ್ಗೆ ನಾನೇ ಮಾತಾಡಿದೆ. ಅವಳು ಎರಡು ಸಲ ಹಿಂತಿರುಗಿ ನೋಡಿದಳು.

ಆ ಮಳೆಗಾಲದಲ್ಲಿ ಅವಳಿಗೆ ಕಾಮಾಲೆಯಾಯಿತು. ಮಳವಳ್ಳಿ ಕಡೆಯ ಹಳ್ಳಿಯೊಂದರಲ್ಲಿ ಸೊಪ್ಪಿನ ಔಷಧಿ ಕೊಡಿಸಿದರು, ಆಮೇಲೆ ಆಸ್ಪತ್ರೆ. ಹದಿನೆಂಟು ದಿನಕ್ಕೆ ಎಲ್ಲ ಮುಗಿಯಿತು. ಗದ್ದೆಯ ಬದುವಿನಲ್ಲಿ ಅಕ್ಕನ ಪಕ್ಕದಲ್ಲೇ ಮಣ್ಣು ಮಾಡಿದರು. ಹೆಣಕ್ಕೆ ಹೊದಿಸಿದ್ದೂ ಹಸಿರು ಸೀರೆಯೇ. ಅವಳ ಸೀರೆ ಪೆಟ್ಟಿಗೆಯಲ್ಲಿ ಬೇರೆ ಬಣ್ಣವಿರಲಿಲ್ಲ.

ಎರಡು ತಿಂಗಳಿಗೆ ಹಿರಿಯರ ಹಬ್ಬ ಬಂತು. ಹಬ್ಬಕ್ಕೆ ಎರಡು ದಿನ ಮುಂಚೆ ಕರಿಸಿದ್ದಯ್ಯನವರು ನನ್ನ ಬಾಗಿಲಿಗೆ ಬಂದು ನಿಂತರು. ಟವಲನ್ನು ಹೆಗಲಿಂದ ತೆಗೆದು ಕೈಯಲ್ಲಿ ಹಿಡಿದಿದ್ದರು.

"ಟೀಚರಮ್ಮ, ಈ ಸಲ ಇಬ್ರಿಗೂ ಎಡೆ ಮಡಗ್ಬೇಕು. ಸೀರೆ ತರಕ್ಕೆ ಮಂಡ್ಯಕ್ಕೆ ಒಂಟೀವ್ನಿ. ದೊಡ್ಡೋಳ್ಗೆ ಅಸ್ರು. ಇವ್ಳಿಗೆ ಯಾವ್ ಬಣ್ಣ ಅಂದ್ರೆ ಆಸೆ ಇತ್ತು? ಇಪ್ಪತ್ತೊರ್ಸ ಬಾಳ್ವೆ ಮಾಡಿವ್ನಿ. ನಂಗೊತ್ತಿಲ್ಲ. ನಿಮ್ ಜೊತೆ ನಾಕೊರ್ಸ ಸಿನ್ಮಾಕ್ಕೆ ಬಂದೋಳಲ್ವಾ, ನಿಮ್ಗೆ ಯೋಳಿರ್ತಾಳೆ."

"ಹಸಿರು ಬೇಡ," ಎಂದೆ ಥಟ್ಟನೆ.

"ಮತ್ಯಾವ್ದು?"

ಗಳುವಿನ ಮೇಲಿನ ಸೀರೆಗಳನ್ನೆಲ್ಲ ನೆನಪಿಗೆ ತಂದುಕೊಂಡೆ. ಅರಿಶಿನ, ನೇರಳೆ, ಕೆಂಪು, ನೀಲಿ. ಅವಳ ಕಣ್ಣು ಯಾವುದರ ಮೇಲಿತ್ತು? ಆ ಎರಡನೆಯವನ ಕೋಟಿನ ತೋಳು ಎಷ್ಟು ಉದ್ದವಿತ್ತೆಂದು ಬೆರಳಿಟ್ಟು ತೋರಿಸಬಲ್ಲೆ. ಮೂವರೂ ಹೇಗೆ ಓಡುತ್ತಿದ್ದರು, ಹೇಗೆ ನಗುತ್ತಿದ್ದರು ಎಂದು ಇವತ್ತಿಗೂ ಹೇಳಬಲ್ಲೆ. ನಾಲ್ಕು ವರ್ಷ ನನ್ನ ಪಕ್ಕದಲ್ಲಿ ಕೂತಿದ್ದವಳನ್ನು ಈ ಒಂದು ಮಾತು ನಾನು ಕೇಳಿರಲಿಲ್ಲ. ಬಾಯಿಗೆ ಬಂದ ಒಂದು ಬಣ್ಣ ಹೇಳಿಬಿಡಬಹುದಿತ್ತು. ಅಷ್ಟು ಸುಳ್ಳು ಹೇಳುವುದಕ್ಕೂ ನನಗೆ ಬಾಯಿ ಬರಲಿಲ್ಲ.

ಅವರು "ಓಗ್ಲಿ ಬುಡಿ," ಎಂದು ಟವಲು ಹೆಗಲಿಗೆ ಹಾಕಿಕೊಂಡು ಸ್ಟೇಷನ್ನಿನ ಕಡೆ ನಡೆದರು.

ಹಬ್ಬದ ದಿನ ನನ್ನನ್ನು ಕರೆದರು. ನಡುಮನೆಯಲ್ಲಿ ಎರಡು ಕಳಶ ಇಟ್ಟಿದ್ದರು. ಬೇರೆ ಬಣ್ಣ ಯಾವುದೆಂದು ಗೊತ್ತಾಗದೆ ಎರಡಕ್ಕೂ ಒಂದೇ ಅಂಗಡಿಯ, ಒಂದೇ ಅಂಚಿನ ಹಸಿರು ಸೀರೆ ಉಡಿಸಿದ್ದರು. ಹೊಳಲಿನಿಂದ ಬಂದಿದ್ದ ಮಗಳು ಇಬ್ಬರಿಗೂ ಕೈ ಮುಗಿಯಿರಿ ಎಂದಳು. ಚಿಕ್ಕನಂಜಮ್ಮ ಯಾವುದೆಂದು ನನಗೆ ತಿಳಿಯಲಿಲ್ಲ.