ಟೈಲ್ಸಿನ ಮೇಲಿನ ಮುದುಕಿ

ದುಡ್ಡಿದ್ದವರ ಹೊಸ ಮನೆ ನೋಡುವುದೆಂದರೆ ನನಗೆ ತಲೆನೋವು. ವಿಜಯಪುರದ ಸಾಲೆಯೊಂದರಲ್ಲಿ ಜೀವಮಾನವಿಡೀ ಮಕ್ಕಳಿಗೆ ಚಿತ್ರ ಕಲಿಸಿದವಳು ನಾನು. ಕೆಟ್ಟ ಬಣ್ಣ ಕಂಡರೆ ಬಾಯಿ ಸುಮ್ಮನಿರುವುದಿಲ್ಲ. ಅಂಥವಳು ಜಲನಗರದ ಮನೆಗೆ ಬೀಗ ಹಾಕಿ, ತಿಕೋಟಾ ದಾಟಿ ಹೊನವಾಡದವರೆಗೆ ಬಸ್ಸಿನಲ್ಲಿ ನಿಂತುಕೊಂಡೇ ಹೋದದ್ದು ಅಕ್ಕನ ಮಗಳ ಸಲುವಾಗಿ. ಬಬಲೇಶ್ವರದ ಆ ಹುಡುಗಿಯನ್ನು ಹೊನವಾಡದ ದ್ರಾಕ್ಷಿ ಬೆಳೆಯುವ ಮನೆತನಕ್ಕೆ ಕೊಟ್ಟಿದ್ದರು. ಅಂದು ಆ ಮನೆಯವರ ಹೊಸ ಬಂಗಲೆಯ ವಾಸ್ತುಶಾಂತಿ.

ಪಡಸಾಲೆಗೆ ಕಾಲಿಟ್ಟೆನೋ ಇಲ್ಲವೋ, ಅವಳ ಅತ್ತೆ ನನ್ನ ಕೈ ಹಿಡಿದು ಗೋಡೆಯ ಮುಂದೆ ನಿಲ್ಲಿಸಿದರು. ಟೈಲ್ಸಿನ ಮೇಲೆ ಮಷಿನ್ನಿನಲ್ಲಿ ಅಚ್ಚೊತ್ತಿದ ಆಳೆತ್ತರದ ಚಿತ್ರ.

"ನೋಡ್ರಿ ಅಕ್ಕೋರ, ವಿಜಯಪುರದಾಗ ಅಂಗಡಿ ಅಂಗಡಿ ಅಡ್ಡಾಡಿ ನಾನ ಆರಿಸೇನಿ. ಹಿಂದ ಅತ್ತಿ, ಮುಂದ ಸೊಸಿ, ತೊಡಿ ಮ್ಯಾಲ ಮೊಮ್ಮಗ. ತಲಿ ಹಿಂದ ಪ್ರಭಾವಳಿ ಐತಿ, ಯಾವುದೋ ದೊಡ್ಡ ದೇವರ ಇರಬೇಕು. ತಲಿತುಂಬ ಸೆರಗ ಹೊತ್ತಾರ, ನಮ್ಮ ಮಂದಿ ಹಂಗ!"

ಶಿವನೇ! ನಾನು ಚಿತ್ರಕಲೆ ಓದುವಾಗ ಪುಸ್ತಕದಲ್ಲಿ ದಿನಗಟ್ಟಲೆ ನೋಡಿದ ಚಿತ್ರದ ಮಾದರಿ ಅದು. ಐದಾರು ನೂರು ವರ್ಷಗಳ ಹಿಂದೆ ಇಟಲಿಯವರು ಇಂಥವನ್ನು ಬರೆಯುತ್ತಿದ್ದರು. ಅಲ್ಲಿಯವರೆಗೆ ಅವರ ದೇವರುಗಳು ಚಿನ್ನದ ತಗಡಿನ ಮೇಲೆ ಅಂಟಿಸಿದ ಹಾಗೆ ಇದ್ದವು. ಬಟ್ಟೆಯ ನಿರಿಗೆಯ ಒಳಗೆ ಮೊಣಕಾಲಿದೆ, ಕೂಸಿಗೆ ಭಾರವಿದೆ ಎಂದು ತೋರಿಸಿದವರು ಆ ಕಾಲದ ಚಿತ್ರಗಾರರು. ಮುಂದೆ ಕುಳಿತವಳು ಏಸುವಿನ ತಾಯಿ, ತೊಡೆಯ ಮೇಲೆ ಏಸು. ಹಿಂದಿನ ಮುದುಕಿ ಯಾರೆಂಬುದೂ ನನಗೆ ಗೊತ್ತಿತ್ತು. ಬಂದ ಕೂಡಲೇ ಜಗಳ ಬೇಡವೆಂದು ತುಟಿ ಬಿಗಿಹಿಡಿದೆ.

ಅದರ ಅವಸ್ಥೆಯನ್ನಾದರೂ ನೋಡಬೇಕಿತ್ತು. ತಾಯಿಯ ನೀಲಿ ಹೊದಿಕೆಗೆ ಪ್ಲಾಸ್ಟಿಕ್ ಬಕೆಟ್ಟಿನ ಬಣ್ಣ. ಎರಡು ಟೈಲ್ಸು ಕೂಡುವ ಬಿಳಿ ಸಿಮೆಂಟಿನ ಗೆರೆ ಸರಿಯಾಗಿ ಕೂಸಿನ ಕುತ್ತಿಗೆಯ ಮೇಲೆ. ಸುತ್ತ ಮಿಣಿಮಿಣಿ ಲೈಟಿನ ಸರ. ಬಂದ ಹೆಂಗಸರೆಲ್ಲ ಚಪ್ಪಲಿ ಬಿಟ್ಟು ಕೈಮುಗಿಯುತ್ತಿದ್ದರು. ಒಬ್ಬಾಕೆ ಕಣ್ಣು ಕಿರಿದು ಮಾಡಿ, "ಎಲ್ಲಾ ಬರೋಬ್ಬರಿ ಐತಿ ಖರೆ, ಕೂಸಿಗೆ ಉಡದಾರ ಕಟ್ಟಿಲ್ಲ ನೋಡ್ರಿ" ಎಂದಳು. ಅಲ್ಲಿದ್ದವರಲ್ಲಿ ಚಿತ್ರವನ್ನು ಚಿತ್ರದಂತೆ ನೋಡಿದವಳು ಅವಳೊಬ್ಬಳೇ.

ಮುತ್ತೈದೆಯರು ಗೋಡೆಯ ದೇವಿಗೆ ಉಡಿ ತುಂಬಿ, ಆಮೇಲೆ ಒಬ್ಬರಿಗೊಬ್ಬರು ತುಂಬುವುದೆಂದು ನಿಶ್ಚಯವಾಗಿತ್ತು. ತಟ್ಟೆಯಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಕುಪ್ಪಸದ ಖಣ, ಅರಿಸಿನ, ಕುಂಕುಮ ಎಲ್ಲ ಸಜ್ಜು. ಮನೆಯ ಸೊಸೆ ಮೊದಲು ತುಂಬಬೇಕು. ಆ ಮನೆಗೆ ಇರುವವಳು ಒಬ್ಬಳೇ ಸೊಸೆ, ನಮ್ಮ ಹುಡುಗಿ. ಅವಳು ಎಲ್ಲಿದ್ದಳೆಂದರೆ ಅಡುಗೆಮನೆಯಲ್ಲಿ ಹೋಳಿಗೆ ಬೇಯಿಸುತ್ತಿದ್ದಳು, ಹೊಸ ಇಳಕಲ್ ಸೀರೆಗೆ ಹಿಟ್ಟು ಬಡಿದುಕೊಂಡು.

"ಅತ್ತಿ ಒಳಗ ಇರು ಅಂದಾರ ಚಿಗವ್ವಾ. ಮದಿವ್ಯಾಗಿ ಇಷ್ಟ ವರ್ಷ ಆತು, ಮಕ್ಕಳಿಲ್ಲ. ಖಾಲಿ ಉಡಿಯಾಕಿ ದೇವಿ ಉಡಿ ತುಂಬಬಾರದಂತ," ಎಂದಳು. ಕಣ್ಣಲ್ಲಿ ನೀರೂ ಬರಲಿಲ್ಲ.

ಮದುವೆಯಾಗದ ನನ್ನನ್ನಂತೂ ಯಾವ ಉಡಿಗೂ ಯಾರೂ ಕರೆದವರಲ್ಲ. ನಾನು ಅದಕ್ಕೆ ಎಳ್ಳಷ್ಟೂ ಬೆಲೆ ಕೊಟ್ಟಿಲ್ಲ. ಆದರೆ ಇವಳಿಗೆ ಅದು ಬೇಕಿತ್ತು. ತನ್ನ ಮನೆಯಲ್ಲಿ, ತನ್ನ ಜನರ ಎದುರು, ಒಂದು ಸಲ ಉಡಿಯೊಡ್ಡಿ ಮಣೆಯ ಮೇಲೆ ಕೂರಬೇಕಿತ್ತು. ಗಂಡ ಮಹಾಶಯ ಹೊರಗೆ ಪೆಂಡಾಲಿನಲ್ಲಿ ಮಂದಿಗೆ ಒಣದ್ರಾಕ್ಷಿ ಮಣೂಕದ ರೇಟು ಹೇಳುತ್ತ ನಿಂತಿದ್ದ.

ಅಷ್ಟರಲ್ಲಿ ಅತ್ತೆಯೇ ಕೂಗಿದರು. "ಅಕ್ಕೋರ, ಬರ್ರಿಲ್ಲೆ! ನೀವು ಚಿತ್ರಾ ಕಲ್ತವರು. ಈ ಅತ್ತಿ ಸೊಸಿ ಕತಿ ಏನೈತಿ, ಎಲ್ಲಾರಿಗೂ ಹೇಳ್ರಿ."

ಹಾದಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆದರೆ ಮಾರಿ ಬಿಟ್ಟೀತೇ? ಸೆರಗು ಸಿಕ್ಕಿಸಿಕೊಂಡು ಗೋಡೆಯ ಮುಂದೆ ನಿಂತೆ.

"ಇದು ಇಟಲಿ ದೇಶದ ಚಿತ್ರ ರೀ. ಈ ಮುದಿಕಿ ಐತೆಲ್ಲ, ಇಕಿಗೆ ಭಾಳ ವರ್ಷ ಮಕ್ಕಳಿರಲಿಲ್ಲ. ಇಕಿ ಗಂಡ ಗುಡಿಗೆ ಕುರಿಮರಿ ಕಾಣಿಕಿ ತಗೊಂಡು ಹ್ವಾದ್ರ, ಮಕ್ಕಳಿಲ್ಲದಾವ ನೀ, ದೇವರ ಮುಂದ ನಿಂದೇನು ಕೆಲಸಂತ ಪೂಜಾರಿ ಮೆಟ್ಟಲ ಮ್ಯಾಲಿಂದ ನೂಕಿ ಹಾಕಿದ. ಆ ದೇಶದ ದೊಡ್ಡ ದೊಡ್ಡ ಚಿತ್ರಗಾರರು ಅದನ್ನೂ ಬರದಾರ. ಮುದುಕ ಮಾರಿ ತಗ್ಗಿಸಿ, ಮರಿ ಎದಿಗೆ ಅವಚಿಕೊಂಡು ಹೊಂಟಾನ. ನಾಚಿ ಮನಿಗೂ ಹೋಗದ ಕುರುಬರ ಕುರಿ ದಡ್ಡ್ಯಾಗ ಉಳದ."

ಕನಮಡಿಯಿಂದ ಬಂದ ಕುರಿ ಸಾಕುವ ಮನೆಯ ಅಜ್ಜಿ ಮುಂದೆ ಜರುಗಿ, "ಮುಂದ?" ಎಂದಳು.

"ಮುಂದೇನು, ಆ ಮುಪ್ಪಿನಾಗ ಇಕಿ ಒಂದು ಹೆಣ್ಣು ಹಡದಳು. ಆ ಹೆಣ್ಣ ಈ ಮುಂದ ಕುಂತಾಕಿ. ಆಕಿ ಮಗನ್ನ ಅರ್ಧ ಜಗತ್ತ ದೇವರಂತೈತಿ."

ಅತ್ತೆಯ ಮುಖ ಕರ್ರಗಾಯಿತು. "ಹಂಗಾದ್ರ ಇಕಿ ಅತ್ತಿ ಅಲ್ಲೇನ್ರಿ?"

"ಅಲ್ರಿ. ಹಡದವ್ವ. ಈ ಚಿತ್ರದಾಗ ಅತ್ತಿ ಎಲ್ಲೂ ಇಲ್ಲ."

ಬಾಗಿಲಲ್ಲಿ ನಿಂತು ಎಲ್ಲ ಕೇಳಿದ್ದ ನಮ್ಮ ಹುಡುಗಿ ಕೈ ಒರೆಸಿಕೊಂಡು ಹೊರಗೆ ಬಂದಳು. ಯಾರ ಮುಖವನ್ನೂ ನೋಡದೆ ತಟ್ಟೆಯಿಂದ ಕುಂಕುಮ ತೆಗೆದು, ತಾಯಿಯನ್ನೂ ಕೂಸನ್ನೂ ಬಿಟ್ಟು, ತುದಿಗಾಲಲ್ಲಿ ನಿಂತು ಮುದುಕಿಯ ಹಣೆಗೆ ಹಚ್ಚಿದಳು.

"ಏನ ಮಾಡಿದಿ ಬೇ!" ಅತ್ತೆ ಸೆರಗಿನ ತುದಿ ಹಿಡಿದು ಅಳಿಸಲು ಧಾವಿಸಿದರು. ಕನಮಡಿಯ ಅಜ್ಜಿ ಗದರಿದಳು. "ಬ್ಯಾಡ್ರಿ ಯವ್ವಾ! ಹಚ್ಚಿದ ಕುಂಕುಮ ಅಳಿಸ್ತೀರೇನು? ಮುತ್ತೈದಿ ಮನಿ ಇದು!" ಅತ್ತೆಯ ಕೈ ಅಲ್ಲೇ ನಿಂತಿತು. ಶಾಸ್ತ್ರ ಅಂದರೆ ಹೀಗಿರಬೇಕು ನೋಡಿ, ಒಮ್ಮೆಯಾದರೂ ಉಪಯೋಗಕ್ಕೆ ಬಂತು.

ಅಜ್ಜಿ ಎರಡೂ ಬೊಗಸೆಯಲ್ಲಿ ಅಕ್ಕಿ ಎತ್ತಿದಳು. "ಕುಂದ್ರು ತಂಗಿ, ಉಡಿ ಒಡ್ಡು."

"ಆಕಿಗ್ಯಾಕ್ರಿ?" ಎಂದರು ಅತ್ತೆ.

"ಆ ಮುದಿಕಿಗೂ ಮಂದಿ ಹಿಂಗ ಅಂದಿದ್ದರಲ್ಲ," ಎಂದು ಅಜ್ಜಿ ಹುಡುಗಿಯ ಸೆರಗಿಗೆ ಅಕ್ಕಿ ಸುರಿದಳು. ನಮ್ಮ ಹುಡುಗಿ ಆಗ ಅತ್ತಳು.

ಈಗ ಆ ಗೋಡೆಗೆ ಪರದೆ ಬಿಟ್ಟಿದ್ದಾರೆ. ಚಿತ್ರಕ್ಕೆ ದೃಷ್ಟಿಯಾಗುತ್ತದಂತೆ, ಹೇಳುವವರಿಗೆ ನಾಚಿಕೆ ಬೇಡವೇ? ಟೈಲ್ಸಿನ ಕುಂಕುಮ ಒಂದು ಹಸಿಬಟ್ಟೆಗೆ ಹೋಗುವಂಥದ್ದು. ಅಕ್ಕನ ಮಗಳು ದಿನಾ ಬೆಳಗ್ಗೆ ಪರದೆ ಸರಿಸಿ ಮುದುಕಿಯ ಹಣೆಗೆ ಹೊಸದು ಹಚ್ಚುತ್ತಾಳೆ. ಅತ್ತೆ ಚಹಾ ಕುಡಿಯುತ್ತ ನೋಡುತ್ತ ಕೂರುತ್ತಾರೆ. ಅಳಿಸುವ ಧೈರ್ಯ ಅವರಿಗಿಲ್ಲ.