ಭೀಮಶಿಯ ನವಿಲು ಗೇಟು

ರಾಮದುರ್ಗದ ಓಣಿಗಳಲ್ಲಿ ಯಾವುದಾದರೂ ಕಿಟಕಿಯ ಸರಳುಗಳ ನಡುವೆ ಕಬ್ಬಿಣದ ನವಿಲು ಕಂಡರೆ, ಅದು ಭೀಮಶಿಯ ಕೈಕೆಲಸ ಎಂದು ಕಣ್ಣು ಮುಚ್ಚಿ ಹೇಳಬಹುದು. ಇಪ್ಪತ್ತೆಂಟು ವರ್ಷದಿಂದ ವೆಲ್ಡಿಂಗ್ ಮಾಡುತ್ತಿರುವ ಅವನಿಗೆ ಒಂದು ಸೊಕ್ಕಿದೆ. ಒಮ್ಮೆ ಬೆಸೆದದ್ದನ್ನು ಮತ್ತೆ ಕತ್ತರಿಸುವವನಲ್ಲ. ಕಿಟಕಿ ದೊಡ್ಡದಾಯಿತು ಎಂದು ವಾಪಸ್ ತಂದ ಗಿರಾಕಿಗೆ, "ಗ್ವಾಡಿ ಸ್ವಲ್ಪ ಕೆತ್ಕೋರಿ" ಎಂದು ಹೇಳಿ ಕಳಿಸಿದ ಆಸಾಮಿ.

ನಾನು ಸುರೇಬಾನದ ಕಡೆ ಮಕ್ಕಳಿಗೆ ಭೂಗೋಳ ಕಲಿಸುವವನು. ರಜೆ ಬಂದರೆ ಟೇಪು, ಟಾರ್ಚು ಹಿಡಿದು ಗುಡ್ಡದ ಗವಿಗಳಿಗೆ ನುಗ್ಗಿ ನಕ್ಷೆ ಬರೆಯುವ ಹುಚ್ಚು. ಅಂಥದೊಂದು ಗವಿಯಲ್ಲಿ ಸಾವಿರಾರು ಬಾವಲಿಗಳಿವೆ. ಹೊಲದ ಹುಳು ತಿಂದು ಬದುಕುವ ಬಡಪಾಯಿಗಳು. ಹೋದ ವರ್ಷ ಯಾರೋ ಪುಂಡರು ಅಲ್ಲಿ ಕುಡಿದು ಬೆಂಕಿ ಹಾಕಿದರು. ಹೊಗೆಗೆ ಉದುರಿದ ಮರಿಗಳನ್ನು ನಾನೇ ಮೊರದಲ್ಲಿ ತುಂಬಿ ಹೊರಗೆ ತಂದೆ. ಆ ಸಿಟ್ಟು ಇನ್ನೂ ಇಳಿದಿಲ್ಲ.

ಅರಣ್ಯ ಇಲಾಖೆಯ ಒಪ್ಪಿಗೆ ತಂದು, ಗವಿಯ ಬಾಯಿಗೆ ಗೇಟು ಮಾಡಲು ಭೀಮಶಿಗೆ ಒಪ್ಪಿಸಿದೆ. "ಒಂದು ಕೈ ಸೈತ ಒಳಗ ಹೋಗಬಾರದು ನೋಡು" ಎಂದೆ.

ಮೂರು ವಾರ ಅವನು ಬೇರೆ ಕೆಲಸ ಮುಟ್ಟಲಿಲ್ಲ. ಒತ್ತೊತ್ತಾಗಿ ನಿಂತ ಸರಳು, ಎದುರುಬದುರು ಗರಿ ಬಿಚ್ಚಿದ ಎರಡು ನವಿಲು. ಮೇಲೆ ಕಬ್ಬಿಣದ ಅಕ್ಷರಗಳಲ್ಲಿ, ಜೀವನದಲ್ಲಿ ಮೊದಲ ಸಲ, ತನ್ನದೇ ಹೆಸರು.

"ಮನಿ ಕಿಟಕಿಗೆ ಮನಿಯವರ ಹೆಸರು ಹಾಕಸ್ತಾರ. ಗವಿಗೆ ಯಾರ ಹೆಸರೈತ್ರಿ ಮಾಸ್ತರ? ಅದಕ್ಕ ನಂದ ಹಾಕೇನಿ" ಎಂದ.

ಗೇಟು ಕೂರಿಸಿದ ದಿನ ಸಂಜೆ ಇಬ್ಬರೂ ಕಲ್ಲಿನ ಮೇಲೆ ಕುಳಿತೆವು. ಬಾವಲಿಗಳು ಸರಳಿನ ತನಕ ಬಂದವು, ತಿರುಗಿದವು, ಮತ್ತೆ ಬಂದವು. ಕೆಲವು ನವಿಲಿನ ಗರಿಗೆ ಬಡಿದು ಕೆಳಗೆ ಬಿದ್ದವು. ಒಂದು ತಾಯಿ ಎದೆಗೆ ಮರಿ ಕಚ್ಚಿಸಿಕೊಂಡು ಸರಳಿಗೆ ಜೋತು ಬಿತ್ತು.

"ಇವು ಯಾಕ ಹೊರಗ ಬರವಲ್ಲವು, ಮಾಸ್ತರ?"

ಗವಿಯ ಮೂಲೆಮೂಲೆ ಅಳೆದವನು ನಾನು, ಬಾವಲಿ ರೆಕ್ಕೆ ಬಿಚ್ಚಿದರೆ ಎಷ್ಟಗಲ ಎಂದು ಮಾತ್ರ ಅಳೆದಿರಲಿಲ್ಲ. ತಪ್ಪು ನನ್ನದು, ನಾಚಿಕೆಯಿಂದ ಕುಗ್ಗಿಹೋದೆ. ಓಡಿಹೋಗಿ ಕೀಲಿ ತೆಗೆದು ಬಾಗಿಲು ದೂಡಿದ ಮೇಲೆ ಎಲ್ಲವೂ ಸುಂಟರಗಾಳಿಯಂತೆ ಹೊರಬಿದ್ದವು. ಆದರೆ ಬಾಗಿಲು ತೆರೆದರೆ ಪುಂಡರು ಬರುತ್ತಾರೆ, ಮುಚ್ಚಿದರೆ ಇವು ಉಪವಾಸ ಸಾಯುತ್ತವೆ. ಧಾರವಾಡದಲ್ಲಿ ಬಾವಲಿಗಳ ಬಗ್ಗೆ ಓದಿಕೊಂಡವರೊಬ್ಬರಿಗೆ ಗವಿಯ ಬಾಗಿಲಿನಿಂದಲೇ ಫೋನ್ ಹಚ್ಚಿದೆ. ಸರಳು ಅಡ್ಡ ಇರಬೇಕು, ನಡುವೆ ಅರ್ಧ ಅಡಿ ಸಂದು ಬೇಕು, ಚಿತ್ತಾರ ಏನೂ ಬೇಡ ಎಂದರು. ಭೀಮಶಿ ಪಕ್ಕದಲ್ಲೇ ನಿಂತು ಕೇಳಿಸಿಕೊಂಡ.

"ಇದನ್ನ ನಾ ಕಲಸೋ ಸಾಲಿಗೆ ಹಾಕೋಣು. ಗವಿಗೆ ಹೊಸಾದು ಮಾಡು" ಎಂದೆ, ಅವನ ಮುಖ ನೋಡಲಾರದೆ.

"ಹೊಸಾದಕ್ಕ ಮತ್ತ ಮೂರು ವಾರ ಬೇಕ್ರಿ. ಅಲ್ಲಿಮಟಾ ಇಲ್ಲಿ ಕಾಯೋರು ಯಾರು?"

ಆ ರಾತ್ರಿ ಬಾಗಿಲು ತೆರೆದಿಟ್ಟು ನಾನೇ ಅಲ್ಲಿ ಕಾದೆ. ಮರುದಿನ ಬೆಳಿಗ್ಗೆ ಬಂದಾಗ ಅವನ ಕೈಯಲ್ಲಿ ಗರಗಸವಿತ್ತು. ಮಷೀನು ತಂದರೆ ಸಪ್ಪಳಕ್ಕೂ ಕಿಡಿಗೂ ತಾಯಂದಿರು ಬೆದರುತ್ತವೆಂದು ಕೈಯಿಂದಲೇ ಕೊಯ್ದ. ಎರಡು ದಿನ ಹಿಡಿಯಿತು. ಇಪ್ಪತ್ತೆಂಟು ವರ್ಷದ ಹಟ ನವಿಲುಗಳ ಜೊತೆ ನೆಲಕ್ಕೆ ಬಿತ್ತು. ಹೆಸರನ್ನು ಕೊನೆಗೆ ಉಳಿಸಿಕೊಂಡಿದ್ದ. ಒಂದೊಂದೇ ಅಕ್ಷರ ಕೊಯ್ಯುವಾಗ ನನಗೆ ನೋಡಲಾಗಲಿಲ್ಲ, ಅಳು ಬಂತು. ಕೊಯ್ದ ಸರಳುಗಳನ್ನೇ ಅಡ್ಡ ಇಟ್ಟು ಬೋಲ್ಟು ಹಾಕಿ ಬಿಗಿಯುವಾಗ ನಾನು ಕೊಟ್ಟ ಟೇಪನ್ನು ಬೇಡವೆಂದ. ಹೆಬ್ಬೆರಳು, ತೋರುಬೆರಳು ಚಾಚಿ, ಸರಳಿನಿಂದ ಸರಳಿಗೆ ಒಂದೊಂದು ಚೋಟು ಅಳೆದ.

ಮೂರನೆಯ ದಿನ ಸಂಜೆ ಅವನ ಹೆಂಡತಿ ಮಹಾನಂದಾ ರೊಟ್ಟಿ ಗಂಟು ಹಿಡಿದು ಗುಡ್ಡ ಹತ್ತಿ ಬಂದಳು. ಮೂರು ವಾರ ಮನೆಯಲ್ಲಿ ಬರೀ ಗೇಟಿನದೇ ಮಾತು ಕೇಳಿದ್ದವಳು.

"ಇದೇನ್ರಿ, ಎಮ್ಮಿ ಕೊಟ್ಟಗಿ ಬಾಗಲಾ ಮಾಡೀರಿ? ನವಿಲೆಲ್ಲಿ? ನಿಮ್ಮ ಹೆಸರೆಲ್ಲಿ?"

ಭೀಮಶಿ ಹೆಗಲ ಮೇಲಿನ ಟವೆಲ್‌ನಿಂದ ಕಲ್ಲು ಒರೆಸಿ ಅವಳನ್ನು ಕೂರಿಸಿದ.

"ಕುಂದ್ರ ಸ್ವಲ್ಪ. ಈಗ ಹೊರಗ ಬರತೈತಿ."

ಹೊತ್ತು ಮುಳುಗಿತು. ಎದೆಗೆ ಮರಿ ಕಚ್ಚಿಸಿಕೊಂಡ ತಾಯಿ ಬಾವಲಿಯೊಂದು ಆ ಚೋಟಗಲದ ಸಂದಿಯಲ್ಲಿ ತೂರಿ, ಸರಳಿಗೆ ರೆಕ್ಕೆ ತಾಗಿಸದೆ, ನಮ್ಮ ತಲೆಯ ಮೇಲಿಂದ ಹೊಲದ ಕಡೆ ಹೋಯಿತು.