ಪೊರ್ಬುಗಳ ಜೀಪಿಗೆ ಕೂರದ ಸೀಟು

ಹೊಸ ಕ್ಯಾನ್ವಾಸಿಗೆ ಮೇಣ ತಿಕ್ಕಿ ಬಿಸಿಲಿಗೆ ಹಾಕಿದರೆ ಒಂದು ವಾಸನೆ ಬರುತ್ತದೆ. ಒದ್ದೆ ಗೋಣಿ, ಸೀಮೆಎಣ್ಣೆ, ಆಗಷ್ಟೇ ಆರಿಸಿದ ಮೇಣದಬತ್ತಿ, ಮೂರೂ ಸೇರಿದಂಥ ವಾಸನೆ. ಹೋದ ತಿಂಗಳು ಮಣಿಪಾಲದ ಒಂದು ಹೋಟೆಲಿನ ಅಂಗಳದಲ್ಲಿ ಅದು ಮೂಗಿಗೆ ಬಡಿಯಿತು. ಹಸಿರು ಬಣ್ಣದ ಹಳೆಯ ಜೀಪೊಂದು ಅಲ್ಲಿ ನಿಂತಿತ್ತು. ಹಳೆಯದು ಅನ್ನುವುದು ಮಾತಿಗೆ. ತಿರುಪಿನಿಂದ ಹಿಡಿದು ಎಲ್ಲವನ್ನೂ ಹೊಸದಾಗಿ ಮಾಡಿಸಿ ಹಳೆಯದರ ಹಾಗೆ ಕಾಣಿಸಿದ್ದರು. ನಾನು ಟಾಪಿನ ಬಟ್ಟೆ ಮುಟ್ಟಿ ನೋಡುತ್ತಿದ್ದುದನ್ನು ಕಂಡು ಅದರ ಯಜಮಾನ, ಇನ್ನೂ ಹುಡುಗ, ಹತ್ತಿರ ಬಂದ. ಕಾರ್ಕಳದವಳು ಅಂದದ್ದೇ ಅವನ ಮುಖ ಅರಳಿತು. ಕಾರ್ಕಳದಲ್ಲಿ ಹಿಂದೆ ಒಬ್ಬರು ಪೊರ್ಬುಗಳು ಮಿಲಿಟರಿ ಜೀಪುಗಳಿಗೆ ಬಾಡಿ ಕಟ್ಟುತ್ತಿದ್ದರಂತೆ. ಅವರು ಕಟ್ಟಿದ್ದು ಒಂದಾದರೂ ಸಿಕ್ಕೀತೇ ಎಂದು ಇವನು ಕೇರಳದ ತನಕ ಹುಡುಕಿಕೊಂಡು ಹೋಗಿದ್ದನಂತೆ. ಅವರ ಹೆಸರು ಕೂಡ ಯಾರಿಗೂ ಸರಿಯಾಗಿ ಗೊತ್ತಿಲ್ಲವಂತೆ.

"ಅವರಿಗೆ ಟೇಸ್ಟ್ ಇತ್ತು ಆಂಟೀ," ಅಂದ. "ಈಗಿನವರ ಹಾಗೆ ಅಲ್ಲ."

ನಾನು ಟಾಪಿನಿಂದ ಕೈ ತೆಗೆದೆ. ಆ ಪೊರ್ಬುಗಳ ಶೆಡ್ಡಿಗೂ ನಮ್ಮ ಮನೆಗೂ ನಡುವೆ ಇದ್ದದ್ದು ಒಂದು ಮೋಟು ಪಾಗಾರದ ಗೋಡೆ ಮಾತ್ರ.

ನಮ್ಮ ಕಡೆ ಕ್ರೈಸ್ತ ಗಂಡಸರನ್ನು ಮರ್ಯಾದೆಗೆ ಪೊರ್ಬುಗಳು ಅನ್ನುತ್ತಾರೆ. ಬೀದಿಯಲ್ಲಿ ಬೇರೆ ಪೊರ್ಬುಗಳೂ ಇದ್ದರು, ಆದರೆ ಬರೇ ಪೊರ್ಬುಗಳು ಅಂದರೆ ಇವರೇ. ಎಪ್ಪತ್ತರ ದಶಕ ಮುಗಿಯುತ್ತಿದ್ದ ಹೊತ್ತು. ಮಿಲಿಟರಿಯವರು ಏಲಂ ಹಾಕಿ ಮಾರಿದ ಜೀಪುಗಳು ಲಾರಿಯ ಮೇಲೆ ಹೆಣದ ಹಾಗೆ ಮಲಗಿಕೊಂಡು ಬರುತ್ತಿದ್ದವು. ಕೆಲವಕ್ಕೆ ಚಕ್ರ ಇಲ್ಲ, ಕೆಲವಕ್ಕೆ ತಳವೇ ಇಲ್ಲ. ಪೊರ್ಬುಗಳ ಕೈಯಿಂದ ಹೊರಬೀಳುವಾಗ ಎಲ್ಲವೂ ಒಂದೇ ಥರ: ಕಡು ಹಸಿರು, ಕ್ಯಾನ್ವಾಸಿನ ಟಾಪು, ತಗಡಿನ ಮೇಲೆ ತೆಳ್ಳಗಿನ ಗಾದಿ. ಹೆಚ್ಚಿಗೆ ಏನು ಕೇಳಿದರೂ ಬೈಗುಳ. ಯಾರೋ ಕಿಟಕಿಗೆ ಪರದೆ ಬೇಕೆಂದದ್ದಕ್ಕೆ, ಪರದೆ ಹಾಕಲು ನಾನು ಹೆಣ ಸಾಗಿಸುವ ಗಾಡಿ ಮಾಡುವುದಿಲ್ಲ ಅಂದರಂತೆ. ಆ ಮಾತು ಪೇಟೆಯಲ್ಲೆಲ್ಲ ತಿರುಗಿ, ಜನ ನಕ್ಕು, ಕೊನೆಗೆ ಅದೇ ಅವರ ದೊಡ್ಡಸ್ತಿಕೆಯಾಯಿತು.

ಮೊದಲಿಂದ ಹಾಗಿದ್ದವರಲ್ಲ. ಬಜಗೋಳಿ ಕಡೆಗೆ ಜನರನ್ನು ಹೊತ್ತು ಓಡುತ್ತಿದ್ದ ಸರ್ವಿಸ್ ಜೀಪಿನ ಹಿಂಬದಿಗೆ ಗುಲಾಬಿಯನ್ನೂ ಎರಡು ಗಿಳಿಗಳನ್ನೂ ಬರೆದವರು ಇವರೇ. ಚಿಕ್ಕಂದಿನಲ್ಲಿ ನಾನು ಪಾಗಾರದ ಮೇಲೆ ಕೂತು ನೋಡಿದ್ದೇನೆ. ಗಿಳಿಯ ಕೊಕ್ಕಿಗೆ ಕೆಂಪು ಹಚ್ಚುವಾಗ ನಾಲಗೆ ಹೊರಗೆ ಹಾಕುತ್ತಿದ್ದರು. ಅವರ ಮಗಳು, ನನ್ನ ಗೆಳತಿ, ಬೇರೆಯೇ ಹೇಳುತ್ತಾಳೆ: ಬರೆದದ್ದು ಮೂಡುಬಿದಿರೆಯಿಂದ ಬಂದ ಪೈಂಟರ್, ಪಪ್ಪ ಬಣ್ಣ ಕಲಸಿಕೊಟ್ಟದ್ದು ಅಷ್ಟೇ. ಇರಬಹುದು. ಈಗ ನೆನಪಿಸಿಕೊಂಡರೆ ನನಗೆ ಆ ನಾಲಗೆ ಕಾಣುತ್ತದೆ, ಬ್ರಶ್ ಹಿಡಿದ ಕೈ ಯಾರದೆಂದು ಕಾಣುವುದಿಲ್ಲ...

ಆಮೇಲೆ ಮಣಿಪಾಲದ ಡಾಕ್ಟರು ಬಂದರು. ಹೊರದೇಶದಲ್ಲಿ ಓದಿ ಬಂದವರು. ಯುದ್ಧದ ಚಿತ್ರಗಳಿದ್ದ ದೊಡ್ಡ ಪುಸ್ತಕವೊಂದನ್ನು ಹಿಡಿದುಕೊಂಡು ಬಂದಿದ್ದರು. ಜೀಪು ಆ ಚಿತ್ರದ ಹಾಗೆಯೇ ಇರಬೇಕು, ಪಕ್ಕಕ್ಕೆ ಗುದ್ದಲಿ ಸಿಕ್ಕಿಸುವ ಕೊಂಡಿಯೂ ಬೇಕು ಅಂದರು. ಜನ್ಮದಲ್ಲಿ ಗುದ್ದಲಿ ಹಿಡಿದವರಲ್ಲ. ಮುಗಿದ ಜೀಪನ್ನು ನೋಡಿ, ಪೊರ್ಬುಗಳೇ ನೀವು ಕಲಾವಿದರು ಅಂದರು. ಮುಂದೆ ಅವರ ಸ್ನೇಹಿತರೂ ಬರತೊಡಗಿದರು. ಭಾನುವಾರ ಸಂಜೆ ಶೆಡ್ಡಿನ ಕಬ್ಬಿಣದ ಕುರ್ಚಿಗಳಲ್ಲಿ ಕೂತು ಇಂಗ್ಲಿಷಿನಲ್ಲಿ ಹೊಗಳುತ್ತಿದ್ದರು. ಪೊರ್ಬುಗಳಿಗೆ ಆ ಭಾಷೆ ಅರ್ಧ ಅರ್ಥವಾಗುತ್ತಿತ್ತು, ಹೊಗಳಿಕೆ ಪೂರ್ತಿ. ಅದೇ ವರ್ಷ ಬಜಗೋಳಿಯ ಜೀಪು ರಿಪೇರಿಗೆ ಬಂದಾಗ, ಅದರ ಯಜಮಾನನನ್ನು ಕೇಳದೆ ಗಿಳಿಗಳ ಮೇಲೆ ಹಸಿರು ಬಳಿದುಬಿಟ್ಟರು. ಅವನು ಬೀದಿಯಲ್ಲಿ ನಿಂತು ತುಳುವಿನಲ್ಲಿ ಬೈದದ್ದು ಇಡೀ ಪೇಟೆಗೆ ಕೇಳಿಸಿತು.

ಪೊರ್ಬುಗಳ ಮಗಳು ಅದೇ ಶೆಡ್ಡಿನಲ್ಲಿ ಟಾಪು, ಸೀಟು ಹೊಲಿಯುತ್ತಿದ್ದಳು. ತಾಯಿ ಇರಲಿಲ್ಲ. ಅವಳಿಗೆ ಕಾಪುವಿನ ಹುಡುಗನೊಬ್ಬನ ಜೊತೆ ಮದುವೆ ನಿಶ್ಚಯವಾಯಿತು. ಬಹರೈನಿನಲ್ಲಿ ಯಾವನೋ ಶ್ರೀಮಂತನ ಗಾಡಿಗಳನ್ನು ನೋಡಿಕೊಳ್ಳುವ ಕೆಲಸ. ಎರಡು ವರ್ಷಕ್ಕೊಮ್ಮೆ ಊರಿಗೆ ರಜೆ; ಈ ರಜೆಯಲ್ಲಿ ಮಾತು, ಮುಂದಿನ ರಜೆಯಲ್ಲಿ ಮದುವೆ. ಹೊರಡುವ ಮೊದಲು ಅವನೂ ಏಲಂನ ಜೀಪೊಂದನ್ನು ತಂದು ಶೆಡ್ಡಿನಲ್ಲಿ ಇಳಿಸಿ, ಮಾವನಾಗುವವರಿಗೆ ತನ್ನ ಆಸೆ ಹೇಳಿದ. ಬಂಪರಿಗೂ ದೀಪದ ಬಳೆಗೂ ನಿಕ್ಕಲ್ ಹೊಳಪು, ಕಿಟಕಿಗೆ ಕಸೂತಿ ಪರದೆ, ಟೇಪ್ ರೆಕಾರ್ಡರ್, ಎಲ್ಲಕ್ಕಿಂತ ಮುಖ್ಯವಾಗಿ ಮೆರೂನ್ ಮಖಮಲ್ಲಿನ ಸೀಟು. ಮಖಮಲ್ಲನ್ನು ತಾನೇ ಕಳಿಸುತ್ತೇನೆ ಅಂದ. ಕಡಲ ಗಾಳಿಗೆ ನಿಕ್ಕಲ್ ಒಂದು ಮಳೆಗಾಲವೂ ನಿಲ್ಲಲಿಕ್ಕಿಲ್ಲ ಎಂದು ಪೊರ್ಬುಗಳು ಹೇಳಿದ್ದಕ್ಕೆ ಅವನು ನಕ್ಕ. ತಾನು ಊರಲ್ಲಿರುವುದೇ ಎರಡು ತಿಂಗಳು, ಆ ಎರಡು ತಿಂಗಳು ಹೊಳೆದರೆ ಸಾಕು ಅಂದ. ಪೊರ್ಬುಗಳು "ನೋಡುವಾ" ಅಂದರು. ಹುಡುಗ ಅದನ್ನು ಒಪ್ಪಿಗೆ ಅಂದುಕೊಂಡು ವಿಮಾನ ಹತ್ತಿದ. ಅವರ "ನೋಡುವಾ" ಎಂದರೆ ಆಗದು ಎಂದೇ ಅರ್ಥ, ಅದು ನನಗೂ ಅವರ ಮಗಳಿಗೂ ಗೊತ್ತಿತ್ತು. ಇಬ್ಬರೂ ಬಾಯಿ ಬಿಡಲಿಲ್ಲ.

ಮಖಮಲ್ಲು ಬಂದದ್ದು ಬಹರೈನಿನಿಂದ ರಜೆಗೆ ಬಂದ ಒಬ್ಬ ಬ್ಯಾರಿಯ, ನಮ್ಮ ಕರಾವಳಿಯ ಮುಸ್ಲಿಮನ, ಪೆಟ್ಟಿಗೆಯಲ್ಲಿ. ಅವನ ಮನೆ ಹೆಜಮಾಡಿ. ತರಲು ನಾವಿಬ್ಬರು ಗೆಳತಿಯರೇ ಬಸ್ಸಿನಲ್ಲಿ ಹೋದೆವು. ಅವನ ತಾಯಿ ಕಟ್ಟು ಬಿಚ್ಚಿ, ಬಟ್ಟೆಯನ್ನು ತನ್ನ ಕೆನ್ನೆಗೆ ಒತ್ತಿ ನೋಡಿದರು. ಅತ್ತರಿನ ವಾಸನೆ ಮನೆ ತುಂಬಿತು.

"ಹುಡುಗಿಗೆ ಸೀರೆ ಕಳಿಸುವವರನ್ನು ಕಂಡಿದ್ದೇನೆ," ಅಂದರು. "ಇವನು ಎಂತ, ಜೀಪಿಗೆ ಕಳಿಸಿದ್ದಾನೆ. ನೀನು ಅದರ ಸವತಿಯಾ?"

ಮಗಳು ಅಷ್ಟು ನಕ್ಕದ್ದನ್ನು ನಾನು ಆಮೇಲೆ ನೋಡಿಲ್ಲ. ಬಸ್ಸಿನಲ್ಲಿ ಇಡೀ ದಾರಿ ಆ ಕಟ್ಟನ್ನು ತೊಡೆಯ ಮೇಲಿಟ್ಟುಕೊಂಡೇ ಬಂದಳು.

ಭಾನುವಾರ ಚರ್ಚಿನ ಪೂಜೆ ಮುಗಿದು, ತಂದೆ ಉಂಡು ಮಲಗಿದ ಮೇಲೆ ಹೊಲಿಯುತ್ತಿದ್ದಳು. ಕ್ಯಾನ್ವಾಸಿನ ಭಾರದ ಮೆಶಿನು ಅದು. ಅದರ ಸದ್ದು ನಮ್ಮ ಅಡುಗೆಮನೆಗೇ ಕೇಳುತ್ತಿತ್ತು, ಆಚೆ ಕೋಣೆಯಲ್ಲಿ ಮಲಗಿದವರಿಗೆ ಕೇಳದೆ ಇರುತ್ತದೆಯೇ? ಅವರು ಏನೆಂದು ವಿಚಾರಿಸಲಿಲ್ಲ, ಅವಳು ಹೇಳಲಿಲ್ಲ. ಮಖಮಲ್ಲು ಜಾರುವ ಬಟ್ಟೆ, ಸೂಜಿಗೆ ನಿಲ್ಲುವುದಿಲ್ಲ. ಅವಳು ಹೊಲಿದ ಗೆರೆಗಳು ಗದ್ದೆಯ ಬದುವಿನ ಹಾಗೆ ಎದ್ದು ನಿಂತಿದ್ದವು. ಚಂದ ಇತ್ತೇ? ಆ ವಯಸ್ಸಿನಲ್ಲಿ ನನಗೂ ಡಾಕ್ಟರ ಗಾಳಿ ಸ್ವಲ್ಪ ತಗಲಿತ್ತು, ಮೆರೂನ್ ಅಂದರೆ ಮೂಗು ಮುರಿಯುತ್ತಿದ್ದೆ. ಆದರೂ ಅದರ ಮೇಲೆ ಕೂತಾಗ ಏಳುವ ಮನಸ್ಸಾಗಲಿಲ್ಲ.

ಹುಡುಗ ರಜೆಗೆ ಬಂದ. ಚರ್ಚಿನಲ್ಲಿ ಮದುವೆಗೆ ಮೊದಲು ಮೂರು ಭಾನುವಾರ ಇಬ್ಬರ ಹೆಸರನ್ನು ಓದಿ ಹೇಳುವುದು ಕ್ರಮ. ಒಂದು ಭಾನುವಾರ ಓದಿ ಆಗಿತ್ತು. ಆ ವಾರವೇ ತಾಯಿಯನ್ನು ಕರೆದುಕೊಂಡು ಅವನು ಜೀಪು ನೋಡಲು ಕಾರ್ಕಳಕ್ಕೆ ಬಂದ. ಡಾಕ್ಟರೂ ಇದ್ದರು, ಅವರು ಇಲ್ಲದ ದಿನ ಯಾವುದು? ನಾನು ಚಹಾ ಕೊಡಲು ಸಹಾಯಕ್ಕೆಂದು ಹೋಗಿದ್ದೆ.

ಹಲಸಿನ ಮರದ ಕೆಳಗೆ ಜೀಪು ನಿಂತಿತ್ತು. ಕಡು ಹಸಿರು, ಕ್ಯಾನ್ವಾಸು, ತಗಡಿನ ಮೇಲೆ ತೆಳ್ಳಗಿನ ಗಾದಿ. ನಿಕ್ಕಲ್ ಎಲ್ಲಿಯೂ ಇಲ್ಲ. ಪೊರ್ಬುಗಳು ಕಟ್ಟಿದವುಗಳಲ್ಲೇ ಅದು ಉತ್ತಮವಾದದ್ದು, ಇದನ್ನು ನಾನು ಈಗಲೂ ಒಪ್ಪುತ್ತೇನೆ. ಕಣ್ಣಾರೆ ನೋಡಿದರೆ ಹುಡುಗನಿಗೆ ತಾನಾಗಿ ತಿಳಿಯುತ್ತದೆ ಎಂದು ಅವರು ನಂಬಿದ್ದರು ಅಂತ ಕಾಣುತ್ತದೆ. ಹುಡುಗ ಒಂದು ಸುತ್ತು ಬಂದ, ಸೀಟನ್ನು ಬೆರಳಿನಿಂದ ಒತ್ತಿ ನೋಡಿದ. ಆಗ ಮಗಳು ಒಳಗೆ ಹೋಗಿ ಮಖಮಲ್ಲಿನ ಸೀಟನ್ನು ಎದೆಗೆ ಅವಚಿಕೊಂಡು ತಂದಳು. ಇದು ಉಂಟಲ್ಲ ಪಪ್ಪ, ಇದನ್ನು ಹಾಕುವಾ ಎಂದು ಕೊಂಕಣಿಯಲ್ಲಿ ಹೇಳಿದಳು. ಅಲ್ಲಿಯ ತನಕ ಎಲ್ಲರೂ ಆಡಿದ್ದು ಕೊಂಕಣಿಯೇ, ಮನೆಯ ಮಾತು. ಆ ಭಾಷೆಯಲ್ಲೇ ಜಗಳವಾಗಿದ್ದರೆ ಮನೆಯೊಳಗೇ ಮುಗಿಯುತ್ತಿತ್ತೋ ಏನೋ.

ಪೊರ್ಬುಗಳು ಡಾಕ್ಟರ ಕಡೆ ತಿರುಗಿ, ಸ್ವಚ್ಛ ಕನ್ನಡದಲ್ಲಿ ಹೇಳಿದರು:

"ನೋಡಿ ಡಾಕ್ಟ್ರೇ, ಅರಬರ ಗಾಡಿ ತೊಳೆದು ತೊಳೆದು ಮನುಷ್ಯನ ಕಣ್ಣಿಗೆ ಎಂತ ಆಗ್ತದೆ ಅಂತ."

ಡಾಕ್ಟರು ನಕ್ಕರು. ಕೆಟ್ಟ ಮನುಷ್ಯ ಅಲ್ಲ, ಬರೇ ನಕ್ಕರು.

ಹುಡುಗನ ತಾಯಿಗೆ ಕನ್ನಡ ಅಷ್ಟಾಗಿ ಬರುತ್ತಿರಲಿಲ್ಲ. ಯಾಕೆ ನಕ್ಕದ್ದು ಎಂದು ಮಗನನ್ನು ಕೇಳಿದರು. ಅವನು ಅವರಿಗೆ ಹೇಳಲಿಲ್ಲ. ಪೊರ್ಬುಗಳಿಗೆ, ಕನ್ನಡದಲ್ಲೇ, ಸ್ವರ ಏರಿಸದೆ ಉತ್ತರ ಕೊಟ್ಟ.

"ಹೌದು, ತೊಳೆಯುವುದೇ. ಅಂಥ ಸೀಟಿನಲ್ಲಿ ಒಂದು ಸಲವೂ ಕೂತದ್ದಿಲ್ಲ."

ತಾಯಿಯ ಕೈ ಹಿಡಿದುಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದ. ಜೀಪು ಅಲ್ಲೇ ಉಳಿಯಿತು.

ಚರ್ಚಿನ ಫಾದರ್ ಕಾಪುವಿಗೂ ಕಾರ್ಕಳಕ್ಕೂ ಓಡಾಡಿದರು. ಕಾಪುವಿನವರು ಕೇಳಿದ್ದು ಇಷ್ಟೇ: ತಪ್ಪಾಯಿತು ಅನ್ನುವುದೂ ಬೇಡ, ನಿಕ್ಕಲ್ಲೂ ಬೇಡ, ಹುಡುಗಿ ಹೊಲಿದ ಸೀಟು ಹಾಕಿ ಜೀಪು ಕಳಿಸಲಿ, ಭಾನುವಾರ ಹೆಸರು ಓದಲಿ. ಅದು ನಾಲ್ಕು ಬೋಲ್ಟ್ ಬಿಚ್ಚಿ ಹಾಕುವ ಕೆಲಸ. ಪೊರ್ಬುಗಳ ಉತ್ತರವನ್ನು ಪಾಗಾರದ ಈಚೆಯಿಂದ ನಾನೇ ಕೇಳಿದೆ.

"ಆಡಿದ್ದಕ್ಕೆ ಬೇಕಾದರೆ ಕಾಪುವಿಗೆ ಹೋಗಿ ಕೈ ಮುಗೀತೇನೆ ಫಾದರ್. ಆ ಸೀಟು ನನ್ನ ಜೀಪಿಗೆ ಕೂತುಕೊಳ್ಳುವುದಿಲ್ಲ."

ನನ್ನ ಜೀಪು... ಜೀಪು ಆ ಹುಡುಗನದ್ದು ಎಂದು ಫಾದರ್ ನೆನಪು ಮಾಡಿದರೋ ಇಲ್ಲವೋ ಗೊತ್ತಿಲ್ಲ. ಮಗಳು ಅಲ್ಲೇ ಬಾಗಿಲಲ್ಲಿ ನಿಂತಿದ್ದಳು. ಪೊರ್ಬುಗಳು ಅವಳ ಕಡೆ ನೋಡಲೂ ಇಲ್ಲ. ನೋಡಿದ್ದರೆ ಸೋಲುತ್ತಿದ್ದರು ಎಂದು ನನ್ನ ಅಮ್ಮ ಅನ್ನುತ್ತಿದ್ದರು. ನನಗೆ ಆ ನಂಬಿಕೆ ಇಲ್ಲ.

ಎರಡನೆಯ ಭಾನುವಾರ ಹೆಸರು ಓದಲಿಲ್ಲ. ನಾನು ಚರ್ಚಿನ ಹೊರಗೆ ಕಾಯುತ್ತಿದ್ದೆ. ಹೊರಗೆ ಬಂದ ಹೆಂಗಸರು ಅವಳ ಸುತ್ತ ಒಂದು ಮಾರು ಜಾಗ ಬಿಟ್ಟು ನಡೆಯುತ್ತಿದ್ದರು. ಹುಡುಗ ರಜೆ ಮುಗಿಯುವುದರೊಳಗೆ ಬೇರೆ ಹುಡುಗಿಯನ್ನು ಮದುವೆಯಾದ. ಅವನನ್ನು ದೂರುವ ಹಾಗಿಲ್ಲ, ಇನ್ನೊಂದು ರಜೆಗೆ ಎರಡು ವರ್ಷ ಕಾಯಬೇಕು. ಅವನು ತಿರುಗಿ ಕೇಳದ ಜೀಪು ಮಣಿಪಾಲದ ಡಾಕ್ಟರ ಮನೆ ಸೇರಿತು.

ಮಖಮಲ್ಲು ಏನಾಯಿತು ಎನ್ನುವಲ್ಲಿ ನನ್ನ ನೆನಪಿನ ಮೇಲೆ ನನಗೆ ಭರವಸೆ ಇಲ್ಲ. ಪೊರ್ಬುಗಳು ತಗಡು ಕತ್ತರಿಸುವ ಕತ್ತರಿಯಿಂದ ಅದನ್ನು ಉದ್ದಕ್ಕೂ ಸೀಳಿದ್ದನ್ನು ನಾನು ಕಂಡಿದ್ದೇನೆ. ಆ ಸದ್ದು ಕೂಡ ಕಿವಿಯಲ್ಲಿ ಉಂಟು. ಹಾಗೇನೂ ಆಗಲಿಲ್ಲ ಅನ್ನುತ್ತಾಳೆ ಮಗಳು. ಪಪ್ಪ ಅದನ್ನು ಜೋಪಾನವಾಗಿ ಮಡಚಿ, ಪದರದ ನಡುವೆ ಹಳೆಯ ಪೇಪರ್ ಇಟ್ಟು, ಹುಳ ಬೀಳದ ಹಾಗೆ ಕರ್ಪೂರ ಹಾಕಿ, ಅಟ್ಟದ ಮೇಲೆ ಇಟ್ಟರಂತೆ. ಅವಳದ್ದೇ ನಿಜವಿರಬೇಕು. ಕತ್ತರಿ ನಾನು ಸೇರಿಸಿಕೊಂಡದ್ದು. ಸಿಟ್ಟಿಗೆ ಒಂದು ಕತ್ತರಿ ಬೇಕಾಗುತ್ತದೆ. ಸೀಳಿದ್ದರೆ ಕೋಪದಲ್ಲಿ ಮಾಡಿದರು ಅನ್ನಬಹುದಿತ್ತು. ಬಟ್ಟೆಗೆ ಕರ್ಪೂರ ಹಾಕುವಷ್ಟು ಸಮಾಧಾನ ಇತ್ತಲ್ಲ ಆ ಮನುಷ್ಯನಿಗೆ.

ಹೆಸರು ಓದಿ ನಿಂತುಹೋದ ಹುಡುಗಿ ಎಂದ ಮೇಲೆ ಬೇರೆ ಕಡೆಯ ಮದುವೆ ಮಾತುಗಳೂ ಬಂದಷ್ಟೇ ಬೇಗ ಹಿಂದೆ ಹೋದವು. ಅವಳು ಅದೇ ಶೆಡ್ಡಿನಲ್ಲಿ, ಅದೇ ಮೆಶಿನಿನಲ್ಲಿ, ತಂದೆಯ ಜೀಪುಗಳಿಗೆ ಕ್ಯಾನ್ವಾಸು ಹೊಲಿಯುತ್ತಾ ಎಂಬತ್ತರ ದಶಕವನ್ನು ಕಳೆದಳು. ಬಂದವರೆಲ್ಲ ಟಾಪಿನ ಹೊಲಿಗೆಯನ್ನು ಹೊಗಳಿ ಪೊರ್ಬುಗಳ ಬೆನ್ನು ತಟ್ಟುತ್ತಿದ್ದರು. ಸಾಯುವುದಕ್ಕೆ ಒಂದೆರಡು ವರ್ಷ ಮೊದಲು ಪೊರ್ಬುಗಳು ಪಾಗಾರದ ಆಚೆಯಿಂದ ನನ್ನನ್ನು ಕರೆದು ಒಂದು ವಿಷಯ ಹೇಳಿದರು. ಕಾಪುವಿನಲ್ಲಿ ನಿಕ್ಕಲ್ ಹೊಡೆಸಿದ ಜೀಪೊಂದನ್ನು ನೋಡಿದರಂತೆ, ಯಾರದ್ದೋ. ಬಂಪರ್ ಪೂರಾ ತುಕ್ಕು ತಿಂದು ಜಾಲರಿಯಾಗಿತ್ತಂತೆ. "ನಾನು ಅಂದೇ ಹೇಳಿದ್ದೆ, ಅಲ್ವಾ?" ಅಂದರು. ಮುಖದಲ್ಲಿ ಗೆದ್ದವರ ಕಳೆ. ಹೌದು ಪೊರ್ಬುಗಳೇ, ನೀವು ಹೇಳಿದ್ದು ಸರಿಯಾಗಿಯೇ ಇತ್ತು. ಹಾಗೆ ಸರಿಯಾಗಿದ್ದುಕೊಂಡೇ ಹೋದರು.

ಹೋಟೆಲಿನಲ್ಲಿ ಕಂಡ ಜೀಪಿನ ಹುಡುಗನ ವಿಷಯ ಹೇಳಲು ಮೊನ್ನೆ ಅಲೆವೂರಿಗೆ ಹೋಗಿದ್ದೆ. ಪೊರ್ಬುಗಳ ಮಗಳು ಅಲ್ಲಿ ಬಾಡಿಗೆ ಮನೆಯಲ್ಲಿ ಇದ್ದಾಳೆ, ರವಿಕೆ ಹೊಲಿಯುತ್ತಾಳೆ. ತನ್ನ ತಂದೆಯ ಬಗ್ಗೆ ಕೇಳಿಕೊಂಡು ಒಬ್ಬ ಬರಬಹುದು ಎಂದರೆ ಬರಲಿ ಅಂದಳು. ಬಂದರೆ ಅವನಿಗೆ ಏನು ಹೇಳುತ್ತೀ ಎಂದು ಕೇಳಿದೆ.

"ಜೀಪು ಚಂದ ಕಟ್ಟುತ್ತಿದ್ದರು ಅಂತ ಹೇಳ್ತೇನೆ. ಅದು ಸುಳ್ಳಲ್ಲವಲ್ಲ."

ಅವಳ ಮೇಲೂ ನನಗೆ ಸಿಟ್ಟು ಬಂತು. ಇದನ್ನೆಲ್ಲ ನಾನು ಬರೆಯುತ್ತೇನೆ ಅಂದೆ. ಅವಳು ರವಿಕೆಗೆ ಇನ್ನೊಂದು ಗುಂಡಿ ಹಚ್ಚಿ, ದಾರವನ್ನು ಹಲ್ಲಿನಿಂದ ಕಡಿದಳು.

"ಬರಿ. ಕಾಪುವಿನವನ ಹೆಸರು ಮಾತ್ರ ಹಾಕಬೇಡ ಮಾರಾಯ್ತಿ. ಮೊಮ್ಮಕ್ಕಳು ಇದ್ದಾರೆ ಅವನಿಗೆ."

ಹಾಕಿಲ್ಲ. ಹೋಟೆಲಿನ ಹುಡುಗ ಹುಡುಕುತ್ತಿರುವ ಪೊರ್ಬುಗಳ ಹೆಸರನ್ನೂ ಎಲ್ಲಿಯೂ ಹಾಕಿಲ್ಲ. ಅದು ಅವಳು ಕೇಳಿಕೊಂಡದ್ದಲ್ಲ.